ಎಲ್ಲರೂ ಹತ್ತುವ ಗುಡ್ಡ

ಗುಡ್ಡ ಕಾಯುವ ಕೆಲಸದಲ್ಲಿ ನಗುವಂಥದ್ದು ಏನಿರುತ್ತದೆ ಎಂದು ಜನ ಕೇಳುತ್ತಾರೆ. ಗುಡ್ಡ ತಾನಾಗಿ ಯಾರನ್ನೂ ನಗಿಸುವುದಿಲ್ಲ, ಖರೇ. ಆದರೆ ಅದನ್ನು ಹತ್ತಲು ಬರುವ ಮನುಷ್ಯರನ್ನು ಇಪ್ಪತ್ತಾರು ವರ್ಷ ನೋಡಿದವನಿಗೆ ವಾರಕ್ಕೊಂದಾದರೂ ಪ್ರಸಂಗ ಸಿಕ್ಕೇ ಸಿಗುತ್ತದೆ. ಸಿಗದ ವಾರ ನಾನೇ ಏನಾದರೂ ಎಡವಟ್ಟು ಮಾಡಿ ಆ ಕೊರತೆಯನ್ನು ತುಂಬಿಕೊಡುತ್ತೇನೆ.

ನಾನು ಗಜೇಂದ್ರಗಡದ ಗುಡ್ಡದ ವಾಚರ್. ಖಾಕಿ ಅಂಗಿ, ಒಂದು ಕೋಲು, ಒಂದು ಸೀಟಿ, ಇಷ್ಟೇ ನನ್ನ ಆಯುಧ. ಮನೆ ಗುಡ್ಡದ ಬುಡದ ಓಣಿಯಲ್ಲೇ. ಸಂಜೆ ಮನೆಗೆ ಹೋದ ಮೇಲೆ ಅಂದಿನ ಪ್ರಸಂಗವನ್ನು ಮೊದಲು ಹೇಳುವುದು ನಮ್ಮಾಕಿಗೆ. ನಮ್ಮಾಕಿ ಎಂದರೆ ನನ್ನ ಹೆಂಡತಿ.

ಅವಳ ತವರು ನರಗುಂದ. ಅಲ್ಲಿಯೂ ಊರಿನ ತಲೆಯ ಮೇಲೆ ಕೋಟೆಯ ಗುಡ್ಡವಿದೆ. ಅಂಗಳದಲ್ಲಿ ರಂಗೋಲಿ ಹಾಕುವಾಗಲೂ, ನೀರು ತರುವಾಗಲೂ ಅವಳಿಗೆ ಆ ಗುಡ್ಡ ಕಾಣುತ್ತಿತ್ತಂತೆ. "ಹೆಣಮಕ್ಕಳಿಗೆ ಗುಡ್ಡದಾಗ ಏನ ಕೆಲಸ?" ಎಂದು ಅವರಪ್ಪ ಒಂದು ಸಲವೂ ಬಿಡಲಿಲ್ಲ. ಮದುವೆಯಾಗಿ ಇಲ್ಲಿಗೆ ಬಂದರೆ ಇಲ್ಲಿಯೂ ಗುಡ್ಡ, ಸಾಲದ್ದಕ್ಕೆ ಗಂಡನಿಗೆ ಅಲ್ಲೇ ಕೆಲಸ. "ನನಗೂ ಒಮ್ಮೆ ತೋರಸ್ರಿ" ಎಂದು ಮದುವೆಯಾದ ವರ್ಷವೇ ಕೇಳಿದ್ದಳು. "ಗುಡ್ಡ ಎಲ್ಲಿ ಓಡಿ ಹೊಕ್ಕೈತಿ? ಹೋದ್ರಾತು" ಎಂದೆ. ಪ್ರತಿ ವರ್ಷವೂ ಅದನ್ನೇ ಅಂದೆ. ಮೂರು ವರ್ಷದ ಹಿಂದೆ ಬಚ್ಚಲ ಪಾಚಿಯ ಮೇಲೆ ಜಾರಿ ಅವಳ ಸೊಂಟದ ಎಲುಬು ಮುರಿಯಿತು. ಗದಗಿನಲ್ಲಿ ರಾಡು ಹಾಕಿಸಿಕೊಂಡು ಬಂದೆವು. ಈಗ ಕೋಲು ಹಿಡಿದು ಮನೆಯೊಳಗೆ, ಅಂಗಳದೊಳಗೆ ನಡೆಯುತ್ತಾಳೆ.

ಅಂದಿನಿಂದ ನನಗೆ ಅದೊಂದೇ ಹಂಬಲ. ಒಮ್ಮೆಯಾದರೂ ಅವಳನ್ನು ಗುಡ್ಡದ ಮೇಲೆ ನಿಲ್ಲಿಸಬೇಕು. ಕರೆದಾಗಲೆಲ್ಲ ಅವಳದು ಒಂದೇ ಉತ್ತರ: "ನನಗ ಕಾಲಿದ್ದಾಗ ನಿಮಗ ಪುರಸೊತ್ತಿರಲಿಲ್ಲ. ಈಗ ನಿಮಗ ಪುರಸೊತ್ತೈತಿ, ನನಗ ಕಾಲಿಲ್ಲ. ನಿಮ್ಮ ಗುಡ್ಡ ನಿಮಗಿರ್ಲಿ." ಈ ಪ್ರಸಂಗಗಳನ್ನು ನಾನು ಅವಳನ್ನು ನಗಿಸಲಿಕ್ಕೆ ಹೇಳುತ್ತೇನೆ ಎಂದು ಅವಳು ತಿಳಿದಿದ್ದಳು. ನಾನು ಹೇಳುತ್ತಿದ್ದುದು ಅವಳನ್ನು ಹೊರಡಿಸಲಿಕ್ಕೆ.

ಮುದುಕರ ಹಾದಿ

ಎರಡು ವರ್ಷದ ಹಿಂದೆ ನಮಗೊಬ್ಬ ಹೊಸ ಸಾಹೇಬರು ಬಂದರು. ಬಂದ ವಾರವೇ ನನ್ನನ್ನು ಕರೆದು ಮೊಬೈಲಿನಲ್ಲಿ ಒಂದು ಚಿತ್ರ ತೋರಿಸಿದರು. ಯಾವುದೋ ದೇಶದ ರಾಷ್ಟ್ರೀಯ ಉದ್ಯಾನ, ಮುಗಿಲಿಗೆ ಮುಟ್ಟಿದ ಹಿಮದ ಬೆಟ್ಟ. ಆ ಬೆಟ್ಟದ ನಡುವೆ ಒಬ್ಬ ಅಜ್ಜಿ ಗಾಲಿಕುರ್ಚಿಯಲ್ಲಿ ಕುಳಿತು ಆರಾಮಾಗಿ ಐಸ್‌ಕ್ರೀಮು ತಿನ್ನುತ್ತಿದ್ದಳು. ಅಲ್ಲಿ ಹಾದಿಗಳಿಗೆ ದರ್ಜೆ ಇದೆಯಂತೆ. ನಡೆಯಲಾಗದವರಿಗೆ ಒಂದು, ಸಾವಕಾಶ ನಡೆಯುವವರಿಗೆ ಒಂದು, ಗಟ್ಟಿಗರಿಗೆ ಒಂದು. "ನಮ್ಮ ಗುಡ್ಡಾನೂ ಎಲ್ಲಾರೂ ಹತ್ತೋ ಹಂಗ ಆಗಬೇಕು" ಎಂದರು ಸಾಹೇಬರು. ನಾನು ಆ ಅಜ್ಜಿಯ ಚಿತ್ರವನ್ನು ನೋಡುತ್ತಲೇ ನಿಂತುಬಿಟ್ಟೆ. ಸಾಹೇಬರು ಎರಡು ಸಲ ಕೇಳಿದ ಮೇಲೆ ಮೊಬೈಲು ವಾಪಸು ಕೊಟ್ಟೆ.

ಮೂರು ಹಾದಿಗಳಾದವು. ಹಸಿರು ಹಾದಿ ಸುತ್ತು ಹಾಕಿಕೊಂಡು ಅರ್ಧ ಗುಡ್ಡದ ಹಾಸುಬಂಡೆಯವರೆಗೆ ಹೋಗುತ್ತದೆ. ಅಲ್ಲೊಂದು ಚಹಾದ ಅಂಗಡಿ. ಹಳದಿ ಹಾದಿ ಕೋಟೆಯ ಬಾಗಿಲವರೆಗೆ. ಕೆಂಪು ಹಾದಿ ಬಂಡೆ ಹಿಡಿದು ನೆತ್ತಿಗೆ. ಬೋರ್ಡು ಬರೆಯುವ ಕೆಲಸ ನನ್ನದು. ಗೇಟಿನ ಬೋರ್ಡಿಗೆ "ಈ ಗುಡ್ಡ ಎಲ್ಲರಿಗೂ" ಎಂದು ಬರೆದೆ. ಹಸಿರು ಹಾದಿಗೆ ದುಂಡಗಿನ ಅಕ್ಷರದಲ್ಲಿ "ವೃದ್ಧರು ಮತ್ತು ಅಶಕ್ತರ ಹಾದಿ" ಎಂದು ಬರೆದೆ. ಹದಿನೈದು ದಿನ ಕಳೆದರೂ ಅದರ ಮೇಲೆ ಆಡಿನ ಹೆಜ್ಜೆ ಬಿಟ್ಟರೆ ಮನುಷ್ಯರ ಹೆಜ್ಜೆ ಬೀಳಲಿಲ್ಲ.

ಆಗ ನರಗುಂದದಿಂದ ಆರು ಮಂದಿ ಕಾಳಿನ ವ್ಯಾಪಾರಸ್ಥರು ಟೆಂಪೋ ಮಾಡಿಕೊಂಡು ಬಂದರು. ಬಿಳಿ ಧೋತರ, ಬಿಳಿ ಟೋಪಿ. ಎಲ್ಲರಿಗಿಂತ ಚಿಕ್ಕವರಿಗೂ ಅರವತ್ತೈದು ದಾಟಿತ್ತು.

"ನಿಮಗ ಈ ಹಸರ ಹಾದಿ ಚಲೋ ಆಗ್ತೈತ್ರಿ" ಎಂದೆ.

ಮುಂದಿದ್ದವರು ಬೋರ್ಡು ಓದಿ ಪಕ್ಕದವರನ್ನು ತೋರಿಸಿದರು. "ಇದು ಇಂವಂಗ ಬರೋಬ್ಬರಿ ಐತಿ ನೋಡ್ರಿ."

"ಯಾಕ? ನನಗಿಂತ ನೀ ಎರಡ ವರ್ಷ ದೊಡ್ಡಾವ ಅದಿ."

"ಅದು ಸಾಲ್ಯಾಗ ಮಾಸ್ತರು ಹೆಚ್ಚಿಗಿ ಬರಕೊಂಡಾರ."

ಯಾರು ಮುದುಕರು ಎನ್ನುವ ಜಗಳ ಕಾಲು ತಾಸು ನಡೆಯಿತು. ಕೊನೆಗೆ ಯಾರೂ ಮುದುಕರಲ್ಲ ಎಂದು ಆರೂ ಮಂದಿ ಒಪ್ಪಿ ಕೆಂಪು ಹಾದಿ ಹಿಡಿದರು. ಮೊದಲನೇ ತಿರುವಿನಲ್ಲಿ ನಾನು ಹೋಗಿ ನೋಡಿದರೆ ಐದು ಮಂದಿ ಬಂಡೆಗೆ ಒರಗಿ ಕುಳಿತಿದ್ದರು, ಆರನೆಯವರು ಟೋಪಿ ಮಾರಿಯ ಮೇಲೆ ಹಾಕಿಕೊಂಡು ಮಲಗಿದ್ದರು. ಒಬ್ಬೊಬ್ಬರನ್ನೇ ರಟ್ಟೆ ಹಿಡಿದು ಇಳಿಸಿದೆ.

ಮರುದಿನ ಬೋರ್ಡು ಅಳಿಸಿ "ಚಹಾದ ಹಾದಿ" ಎಂದು ಬರೆದೆ. ಮುಂದಿನ ತಿಂಗಳು ಅದೇ ಆರು ಮಂದಿ ಬಂದರು. ಬೋರ್ಡು ನೋಡಿ, "ಚಹಾ ಕುಡಿಯೂಣ ನಡೀರಿ" ಎಂದು ಹರಟೆ ಹೊಡೆಯುತ್ತ ಹಸಿರು ಹಾದಿಯಲ್ಲಿ ಹೋಗಿ, ಗಿರಮಿಟ್ಟು ತಿಂದು, ಚಹಾ ಕುಡಿದು, ಏದುಸಿರಿಲ್ಲದೆ ಇಳಿದು ಬಂದರು. ಹೋಗುವಾಗ ಎಲ್ಲರಿಗಿಂತ ಹಿರಿಯರು ನನ್ನನ್ನು ಬದಿಗೆ ಕರೆದರು.

"ಇಲ್ಲೆ ಮುದುಕರ ಹಾದಿ ಅಂತ ಒಂದ ಇತ್ತಲ್ರಿ, ಅದನ್ಯಾಕ ತಗದ್ರಿ? ಪಾಪ, ಯಾರರ ವಯಸ್ಸಾದೋರು ಬಂದ್ರ ಏನ ಮಾಡ್ಬೇಕು?"

ಹನ್ನೆರಡು ನಿಮಿಷ

ಅಂದು ಸಂಜೆ ಇದನ್ನು ಕೇಳಿ ನಮ್ಮಾಕಿ ಗೋಡೆ ಹಿಡಿದುಕೊಂಡು ನಕ್ಕಳು. ಇದೇ ಸಮಯವೆಂದು, "ನೀನೂ ಒಮ್ಮೆ ಚಹಾಕ್ಕ ಬಾ" ಎಂದೆ. "ಚಹಾ ಮನ್ಯಾಗ ಐತಿ" ಎಂದು ಕೋಲು ಊರಿಕೊಂಡು ಒಳಗೆ ಹೋದಳು. ಒಲೆಯ ಮೇಲೆ ಚಹಾ ಇಟ್ಟ ಸಪ್ಪಳವೂ ಕೇಳಿಸಿತು.

ಮುಂದೆ ಸಾಹೇಬರು ಪ್ರತಿ ಹಾದಿಗೆ ಎಷ್ಟು ಹೊತ್ತು ಬೇಕು ಎಂದು ಬೋರ್ಡಿನ ಮೇಲೆ ಬರೆಯಲು ಹೇಳಿದರು. "ನೀ ನಡದ ಅಳೀಬ್ಯಾಡ. ನೀ ರೂಢಿ ಮನಿಶಾ. ಯಾರರ ಸಾದಾ ಮಂದೀನ್ನ ನಡಸಿ ನೋಡು."

ಕೆಂಪು ಹಾದಿ ಅಳೆಯಲು ಹೋದ ದಿನ ಗುಡ್ಡದ ಬುಡದಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಲಕ್ಕಲಕಟ್ಟಿಯ ಕಡೆಯಿಂದ ಆಡು ಹೊಡೆದುಕೊಂಡು ಬಂದ ಒಬ್ಬ ಅಜ್ಜಿ ಮಾತ್ರ ಎಲೆ ಅಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದಳು. ಎಪ್ಪತ್ತರ ಮೇಲಾಗಿರಬೇಕು. ಕಾಲಲ್ಲಿ ಟೈರಿನ ಚಪ್ಪಲಿ.

"ಅಜ್ಜಿ, ನಿನ್ನ ನಡಿಗಿಲೆ ಒಮ್ಮೆ ನೆತ್ತಿತನಕಾ ಹೋಗಬೇ. ಎಷ್ಟೊತ್ತ ಹಿಡೀತೈತಿ ಅಂತ ನೋಡೂದೈತಿ."

ಅಜ್ಜಿ ಯಾಕೆ ಏನು ಎಂದು ಕೇಳಲೇ ಇಲ್ಲ. ಎದ್ದಳು, ಸೀರೆಯ ಕಚ್ಚೆ ಬಿಗಿದಳು, ಹೊರಟಳು. ಎರಡನೇ ತಿರುವಿನಲ್ಲಿ ಮರೆಯಾಗಿ, ಮೇಲಿನ ಬಂಡೆಯ ಹತ್ತಿರ ಮತ್ತೆ ಕಂಡಳು. ನಾನು ಗಡಿಯಾರ ಹಿಡಿದು ಕೆಳಗೆ ನಿಂತೆ. ಬಂಡೆಯ ಮೇಲೆ ಆ ಒಣಕಲು ಕಾಲುಗಳು ಟಕಟಕ ಹೋಗುವುದನ್ನು ನೋಡುತ್ತ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮಾಕಿಗಿಂತ ಇಪ್ಪತ್ತು ವರ್ಷ ಹಿರಿಯಳು ಅವಳು. ಒಂದು ತಾಸು ಆ ಕಾಲುಗಳನ್ನು ಎರವಲು ಕೊಡುತ್ತೀಯಾ ಎಂದು ಕೇಳುವಂತಿದ್ದರೆ ಖಂಡಿತ ಕೇಳುತ್ತಿದ್ದೆ. ಅಷ್ಟರಲ್ಲಿ ನೆತ್ತಿಯಿಂದ ಅಜ್ಜಿಯ ಕೂಗು ಕೇಳಿಸಿತು. ಹನ್ನೆರಡು ನಿಮಿಷ.

ನನ್ನ ಲೆಕ್ಕ ಸರಳ. ಎಪ್ಪತ್ತರ ಮುದುಕಿಗೆ ಹನ್ನೆರಡು ನಿಮಿಷವಾದರೆ ಉಳಿದವರಿಗೆ ಅದಕ್ಕಿಂತ ಕಡಿಮೆಯೇ ಸಾಕು. ಆದರೂ ಯಾರಿಗೂ ಅವಸರ ಆಗಬಾರದೆಂದು ಉದಾರವಾಗಿ "ಕೆಂಪು ಹಾದಿ: ಹನ್ನೆರಡು ನಿಮಿಷ, ವೃದ್ಧರ ನಡಿಗೆಯಲ್ಲಿ" ಎಂದು ಬರೆದೆ.

ಭಾನುವಾರ ಮೂವರು ಹುರಿಯಾಳುಗಳು ಬಂದರು. ದಿನಾ ಜಿಮ್ಮಿಗೆ ಹೋಗುವವರು, ಅಂಗಿಯ ತೋಳು ಬಿರಿಯುವಂಥ ರಟ್ಟೆಗಳು. ಬೋರ್ಡು ನೋಡಿ ನಕ್ಕು ಹತ್ತಿದರು. ನೆತ್ತಿ ಮುಟ್ಟಿದಾಗ ಒಂದು ತಾಸು ಹತ್ತು ನಿಮಿಷವಾಗಿತ್ತು. ಇಳಿದು ಬಂದಾಗ ಮೂವರ ಮುಖದಲ್ಲೂ ನಗು ಇರಲಿಲ್ಲ. ಒಬ್ಬನಂತೂ ತನಗೇನೋ ಒಳಗಿನ ಜಡ್ಡು ಇದೆಯೆಂದು ಹೆದರಿ ದವಾಖಾನೆಗೆ ಹೋಗಿ ಎದೆಯ ಇಸಿಜಿ ಪಟ್ಟಿ ತೆಗೆಸಿದ. ಎಲ್ಲ ಸರಿ ಇದೆ ಎಂದು ಡಾಕ್ಟರು ಹೇಳಿದ ಮೇಲೆ ಮೂವರೂ ಆ ಪಟ್ಟಿ ಹಿಡಿದುಕೊಂಡು ನನ್ನ ಹತ್ತಿರ ಬಂದರು.

"ಯಾವ ವೃದ್ಧರು ಹನ್ನೆರಡ ನಿಮಿಷದಾಗ ಹತ್ಯಾರ್ರಿ? ತೋರಸ್ರಿ ನಮಗ."

ಕರೆದುಕೊಂಡು ಹೋಗಿ ಅಜ್ಜಿಯ ಮುಂದೆ ನಿಲ್ಲಿಸಿದೆ. ಅಜ್ಜಿ ಎಲ್ಲ ಕೇಳಿಸಿಕೊಂಡಳು. ಆ ರಟ್ಟೆಗಳನ್ನೂ ನೋಡಿದಳು. ತಾನೇ ಏನೋ ತಪ್ಪು ಮಾಡಿದವಳಂತೆ ಸಣ್ಣ ದನಿಯಲ್ಲಿ ಹೇಳಿದಳು:

"ಅವತ್ತ ನನ್ನ ಮೊಣಕಾಲ ಹಿಡಕೊಂಡಿತ್ತಪಾ. ಅದಕ್ಕ ಅಷ್ಟ ತಡಾ ಆತು."

ಬಿಗಿಯಾದ ಹಗ್ಗ

ಕಣ್ಣು ಕಾಣದವರೂ ಒಬ್ಬರೇ ನಡೆಯುವಂತಾಗಬೇಕೆಂದು ಹಸಿರು ಹಾದಿಯುದ್ದಕ್ಕೂ ಗೂಟ ನೆಟ್ಟು, ಸೊಂಟದ ಎತ್ತರಕ್ಕೆ ಹಗ್ಗ ಕಟ್ಟಿದೆವು. ಹಗ್ಗ ಹಿಡಿದು ಹೊರಟರೆ ಹಾಸುಬಂಡೆಗೇ ತಲುಪಬೇಕು. ಪರೀಕ್ಷೆ ಮಾಡಲು ಸಾಹೇಬರು ಒಬ್ಬ ಸಂಗೀತದ ಮಾಸ್ತರರನ್ನು ಕರೆಸಿದರು. ಹುಟ್ಟಾ ಕಣ್ಣಿಲ್ಲದವರು, ಹಾರ್ಮೋನಿಯಂ ಕಲಿಸುವವರು, ಭಾಳ ಸಮಾಧಾನದ ಮನುಷ್ಯ.

ಮಾಸ್ತರರು ಹಗ್ಗ ಹಿಡಿದು ಹೊರಟರು. ನಾನು ಹಿಂದೆ ಸಾಹೇಬರಿಗೆ ಗೂಟ ಎಷ್ಟು ಆಳ ನೆಟ್ಟಿದ್ದೇನೆ ಎಂದು ವಿವರಿಸುತ್ತಿದ್ದೆ. ಮೊದಲ ತಿರುವು ದಾಟಿದ ಮೇಲೆ ಮುಂದಿನಿಂದ ಮಾಸ್ತರರ ದನಿ ಕೇಳಿಸಿತು.

"ವಾಚರ್ರ, ಹಗ್ಗಕ್ಕ ಬಳ್ಳಿ ಹಬ್ಬಿಸೀರೇನು? ಹಸಿ ಹಸಿ ಹತ್ತಾಕತ್ತೈತಿ."

ಓಡಿ ಹೋಗಿ ನೋಡಿದೆ. ಹಗ್ಗದ ತುಂಬ ನೂಲಿನ ಲಡಿಗಳು. ಕೆಂಪು, ನೀಲಿ, ಹಸಿರು, ಹಳದಿ, ಈಗಷ್ಟೇ ಬಣ್ಣದ ಹಂಡೆಯಿಂದ ತೆಗೆದು ಹಿಂಡಿ ಹರವಿದ್ದು, ಕಣ್ಣು ಹಾಯುವ ತನಕ ತೂಗುತ್ತಿದ್ದವು. ನಮ್ಮದು ನೇಕಾರರ ಊರು. ಓಣಿ ಓಣಿಯಲ್ಲಿ ಮಗ್ಗ. ಹಗ್ಗ ಕಟ್ಟಿದಾಗ ಇದು ನನಗೆ ಹೊಳೆದಿರಲಿಲ್ಲ. ಅಷ್ಟರಲ್ಲಿ ಬುಡದ ಓಣಿಯ ನೇಕಾರ ಹೆಣ್ಣುಮಗಳೊಬ್ಬಳು ಕಂಕುಳಲ್ಲಿ ಇನ್ನೊಂದು ಬುಟ್ಟಿ ಲಡಿ ಹೊತ್ತುಕೊಂಡು ಬಂದಳು.

"ಯಾರ ಹೇಳಿದ್ರವ್ವಾ ಇಲ್ಲಿ ಹಾಕಾಕ?" ಎಂದು ರೇಗಿದೆ.

"ಯಾರ ಹೇಳಬೇಕ್ರಿ? ಇಷ್ಟ ಉದ್ದ, ಇಷ್ಟ ಬಿಗಿಯಾಗಿ, ಗಾಳಿ ಬಿಸಲಾ ನೋಡಿ ಕಟ್ಯಾರ ಅಂದಮ್ಯಾಲ ನೇಕಾರರಿಗಲ್ಲದ ಮತ್ತ್ಯಾರಿಗ್ರಿ? ಮುಂಜಾನಿಂದ ಕಟ್ಟಿದೋರ ಕೈ ತಣ್ಣಗಿರ್ಲಿ ಅಂತ ಹರಸಾಕತ್ತೀನಿ."

ಸಾಹೇಬರು ಏನಾದರೂ ಅನ್ನುವ ಮೊದಲು ಮಾಸ್ತರರು ಕೈ ಎತ್ತಿ ತಡೆದರು. ಹಿಡಿದಿದ್ದ ಲಡಿಯನ್ನು ಬಿಡದೆ, "ಅವ್ವಾ, ಇದು ಯಾವ ಬಣ್ಣ?" ಎಂದು ಕೇಳಿದರು.

"ಕುಂಕುಮದ ಕೆಂಪ್ರಿ."

ಮುಂದಿನದನ್ನು ಹಿಡಿದರು. "ಇದು?"

"ಗಿಳಿ ಹಸರು."

ಹೀಗೆ ಒಂದೊಂದನ್ನೇ ಕೇಳುತ್ತ, ಹೆಸರು ಕೇಳಿದ ಮೇಲೆ ಆ ಲಡಿಯನ್ನು ಸ್ವಲ್ಪ ಹೊತ್ತು ಕೈಯಲ್ಲೇ ಹಿಡಿದುಕೊಂಡು ನಿಂತು ಮುಂದೆ ಹೋದರು. ಆ ಹೆಣ್ಣುಮಗಳು ಬುಟ್ಟಿ ಕೆಳಗಿಟ್ಟು ಅವರ ಜೊತೆ ಜೊತೆಗೇ ನಡೆದಳು. ಬೆವರಿದಾಗಲೆಲ್ಲ ಮಾಸ್ತರರು ಅದೇ ಕೈಯಿಂದ ಹಣೆ, ಕೆನ್ನೆ ಒರೆಸಿಕೊಳ್ಳುತ್ತಿದ್ದರು. ಹಾಸುಬಂಡೆ ಮುಟ್ಟುವ ಹೊತ್ತಿಗೆ ಅವರು ಓಕುಳಿ ಆಡಿ ಬಂದವರ ಹಾಗೆ ಆಗಿದ್ದರು.

"ನನ್ನ ಮಾರಿಮ್ಯಾಲ ಯಾವ ಬಣ್ಣೈತವ್ವಾ?" ಎಂದರು.

"ಎಲ್ಲಾ ಅದಾವ್ರಿ" ಎಂದಳು ಅವಳು, ನಗು ತಡೆಯಲಾರದೆ.

"ಹಂಗಾರ ಇವತ್ತ ಮನ್ಯಾಗ ಯಾರೂ ನನ್ನ ಗುರ್ತ ಹಿಡಿಯಂಗಿಲ್ಲ ಬಿಡು. ಒಂದ ದಿನ ಅವರೂ ನನ್ನಂಗ ದನಿ ಕೇಳೇ ಗುರ್ತ ಹಿಡೀಲಿ."

ಕುರ್ಚಿಯ ಪಾಳಿ

ಹಸಿರು ಹಾದಿಗೆ ಒಂದು ಗಾಲಿಕುರ್ಚಿ ಬಂತು. ಬಂದ ದಿನದಿಂದ ಅದಕ್ಕೆ ಪುರಸೊತ್ತೇ ಇಲ್ಲ. ಆದರೆ ಅದರಲ್ಲಿ ಕೂಡುವವರೆಲ್ಲ ಗಟ್ಟಿಮುಟ್ಟಾದವರು. ಮದುವೆಗೆ ಮುಂಚಿನ ಫೋಟೋ ತೆಗೆಸಿಕೊಳ್ಳುವ ಜೋಡಿಗಳು, ಸಂಸಾರ ಸಮೇತ ಬಂದವರು, ಹೇಗಿರುತ್ತದೆ ನೋಡೋಣ ಎನ್ನುವವರು.

ಒಂದು ದಿನ ರೋಣದಿಂದ ಒಬ್ಬ ಟೇಲರು ಮೂರು ಗಾಲಿಯ ಸ್ಕೂಟರಿನಲ್ಲಿ ಬಂದರು. ಚಿಕ್ಕಂದಿನಲ್ಲೇ ಪೋಲಿಯೋದಿಂದ ಎರಡೂ ಕಾಲು ಹೋಗಿದ್ದವು. ಕುರ್ಚಿ ಮೇಲೆ ಹೋಗಿದೆ, ಬರುತ್ತದೆ, ಕೂಡ್ರಿ ಎಂದೆ. ಗೇಟಿನ ಕಟ್ಟೆಯ ಮೇಲೆ ಕುಳಿತರು. ಹತ್ತು ಗಂಟೆಯಾಯಿತು, ಹನ್ನೊಂದಾಯಿತು. ನನಗೇ ನಾಚಿಕೆಯಾಗಿ ಅವರ ಜೊತೆ ಮಾತಿಗೆ ಕುಳಿತೆ.

"ಮೂವತ್ತ ವರ್ಷ ಆತ್ರಿ, ಈ ಗುಡ್ಡ ಹತ್ತಿ ಬಂದೋರ ಪ್ಯಾಂಟ ಹೊಲಿಯಾಕತ್ತೀನಿ" ಎಂದರು. "ಮೊಣಕಾಲ ಹರದಿತ್ತಂದ್ರ ಹತ್ತುವಾಗ ಬಿದ್ದಾನ. ಹಿಂದ ಹರದಿತ್ತಂದ್ರ ಇಳಿಯುವಾಗ ಜಾರ್ಯಾನ. ಅಂಚಿಗೆ ಮುಳ್ಳ ಹತ್ತಿತ್ತಂದ್ರ ಹಾದಿ ಬಿಟ್ಟ ಹೋಗ್ಯಾನ. ಗುಡ್ಡದ್ದೆಲ್ಲಾ ನನಗ ಗೊತ್ತೈತಿ, ಬರೇ ಹರಕ ಪ್ಯಾಂಟಿನ್ಯಾಗ. ಒಮ್ಮೆ ಖುದ್ದ ನೋಡಬೇಕು ಅಂತ ಆಸೆರಿ."

ಆ ಮಾತು ಕೇಳಿ ನನಗೆ ಕೂಡಲಾಗಲಿಲ್ಲ. ಎದ್ದು ಹೋಗಿ ಹಾದಿಯ ನಡುವೆಯೇ ಕುರ್ಚಿ ತಡೆದೆ. ಅದರಲ್ಲಿ ಒಬ್ಬ ಭಾರಿ ಆಳು ಕಾಲ ಮೇಲೆ ಕಾಲು ಹಾಕಿಕೊಂಡು ಶೇಂಗಾ ತಿನ್ನುತ್ತಿದ್ದ. ಗೆಳೆಯ ದೂಡುತ್ತಿದ್ದ.

"ಇಳೀರಿ. ಕೆಳಗ ಕುರ್ಚಿ ಬೇಕಾದೋರು ಕಾಯಾಕತ್ತಾರ."

"ಎಲ್ಲಾರಿಗೂ ಅಂತ ಬೋರ್ಡಿನ್ಯಾಗ ನೀವ ಬರದೀರಿ. ನಾ ಎಲ್ಲಾರೊಳಗ ಬರಂಗಿಲ್ಲೇನು?" ಎಂದು ಅವನು ಇನ್ನೊಂದು ಶೇಂಗಾ ಸುಲಿದ.

ವಾದ ಮಾಡುತ್ತಲೇ ಕುರ್ಚಿ ಗೇಟಿನ ತನಕ ಬಂತು. ಅವನು ಇಳಿಯಲಿಲ್ಲ. ಸುತ್ತ ಹತ್ತಿಪ್ಪತ್ತು ಜನ ಸೇರಿದರು. ಟೇಲರು ಕಟ್ಟೆಯ ಮೇಲಿಂದಲೇ, ಸಿಟ್ಟಿಲ್ಲದೆ, ಅಳತೆ ತೆಗೆಯುವಾಗ ನೋಡುವಂತೆ ಅವನನ್ನು ಅಡಿಯಿಂದ ಮುಡಿತನಕ ನೋಡಿದರು. ಆಮೇಲೆ ನನಗೆ ಹೇಳಿದರು:

"ಇರ್ಲಿ ಬಿಡ್ರಿ ವಾಚರ್ರ. ನನಗ ಕಾಲಿಲ್ಲ, ಇವರಿಗೆ ನಾಚಿಕಿಲ್ಲ. ಯಾರ ಕೊರತಿ ದೊಡ್ಡದೈತಿ, ಅವರ ಕುಂದ್ರಲಿ."

ಯಾರ ಹೆಜ್ಜೆ

ಆ ಭಾರಿ ಆಳು ಎದ್ದ. ತಾನೇ ಟೇಲರನ್ನು ಎತ್ತಿ ಕೂಡಿಸಿ ಹಾಸುಬಂಡೆಯ ತನಕ ದೂಡಿಕೊಂಡೂ ಹೋದ. ಸಂಜೆ ಇದನ್ನು ಹೇಳಿದರೆ ನಮ್ಮಾಕಿ ನಗಲಿಲ್ಲ. "ಮೂವತ್ತ ವರ್ಷ ಹರಕ ಪ್ಯಾಂಟಿನ್ಯಾಗ ನೋಡಿದ್ರಂತೇನು?" ಎಂದು ಕೇಳಿದಳು. ಮರುದಿನ ರೊಟ್ಟಿ ಬಡಿಯುತ್ತ, ನನ್ನ ಕಡೆ ನೋಡದೆ, "ಆ ಹಸರ ಹಾದಿ ಎಷ್ಟ ಉದ್ದ ಐತ್ರಿ?" ಎಂದಳು.

ಎರಡು ವರ್ಷದಿಂದ ಬಚ್ಚಿಟ್ಟಿದ್ದ ಗುಟ್ಟನ್ನು ಅಂದು ಹೇಳಿಬಿಟ್ಟೆ. ಆ ಹಾದಿಗೆ ಇಲಾಖೆಯ ಕಾಗದದಲ್ಲಿ ಇದ್ದುದು ಎರಡೇ ಬೆಂಚು. ನಾನು ಬಿದ್ದ ಕಲ್ಲು ಹೊಂದಿಸಿ, ಚಪ್ಪಡಿ ಏರಿಸಿ ಒಂಬತ್ತು ಮಾಡಿದ್ದೆ. ಮನೆಯಲ್ಲಿ ಅವಳು ಕೋಲು ಹಿಡಿದು ಓಡಾಡುವಾಗ ಗೊತ್ತಾಗದಂತೆ ಎಣಿಸುತ್ತಿದ್ದೆ. ಎಂಬತ್ತು ಹೆಜ್ಜೆ ಆದ ಮೇಲೆ ಅವಳು ಎಲ್ಲಿದ್ದರೂ ಕೂಡಲೇಬೇಕು. ಅದಕ್ಕೇ ಗುಡ್ಡದ ಮೇಲೆ ಸರಿಯಾಗಿ ಎಂಬತ್ತು ಹೆಜ್ಜೆಗೊಂದು ಬೆಂಚು ಹಾಕಿದ್ದೆ. ಇಷ್ಟೊಂದು ಯಾಕೆ ಎಂದು ಸಾಹೇಬರು ಕೇಳಿದಾಗ ಜನರ ಅನುಕೂಲಕ್ಕೆ ಎಂದಿದ್ದೆ.

"ಆ ಜನ ನೀನ" ಎಂದೆ.

ಅವಳು ಹಿಟ್ಟಿನ ಕೈ ತೊಳೆದಳು. ತಾಟು ಸರಿಸಿ ಒಳಗೆ ಹೋಗಿ ಟ್ರಂಕು ತೆಗೆದು, ಮಗಳ ಮದುವೆಗೆ ಉಟ್ಟಿದ್ದ ಇಳಕಲ್ ಸೀರೆ ಹೊರಗಿಟ್ಟಳು.

ಜನ ಬರುವ ಮುಂಚೆ ಹೋಗೋಣವೆಂದು ಮರುದಿನ ಬೆಳಿಗ್ಗೆ ಏಳಕ್ಕೇ ಆಟೋ ಮಾಡಿಕೊಂಡು, ಓಣಿಯಿಂದ ಏರು ಹತ್ತಿ ಗೇಟಿಗೆ ಬಂದೆವು. ಗಾಲಿಕುರ್ಚಿ ತರಲೇ ಎಂದರೆ ಬೇಡವೆಂದಳು. "ನಡದ ಬರ್ತೀನಿ. ಎಂಬತ್ತ ಅಂದೀರಲ್ಲ." ಕೋಲು ಊರಿ ಹೊರಟಳು. ನಾನು ಪಕ್ಕದಲ್ಲೇ, ಬಾಯಿ ಮುಚ್ಚಿಕೊಂಡು ಎಣಿಸುತ್ತ. ತಣ್ಣನೆ ಗಾಳಿ ಇತ್ತು. ಮೂವತ್ತಕ್ಕೆ ಅವಳು ಸೆರಗು ಬಿಗಿದುಕೊಂಡು ನಕ್ಕಳು. ಐವತ್ತಕ್ಕೆ ಬೆವರಿದಳು. ಎಪ್ಪತ್ತಕ್ಕೆ ತುಟಿ ಕಚ್ಚಿದಳು.

ಎಂಬತ್ತಾಯಿತು. ತಲೆ ಎತ್ತಿ ನೋಡಿದರೆ ಬೆಂಚು ಇರಲಿಲ್ಲ. ಯಾರೋ ಕಿತ್ತುಕೊಂಡು ಹೋಗಿದ್ದಾರೆಂದು ನನಗೆ ಸಿಟ್ಟೇ ಬಂತು. ಆಮೇಲೆ ಕಂಡಿತು. ಬೆಂಚು ಇಟ್ಟಲ್ಲೇ ಇತ್ತು, ಇನ್ನೂ ಎಷ್ಟೋ ದೂರ ಮೇಲೆ.

"ಎಂಬತ್ತಾತ್ರಿ" ಎಂದಳು. ಅವಳೂ ಎಣಿಸುತ್ತಿದ್ದಳು.

"ಹೌದು... ಬೆಂಚ ಅಲ್ಲೈತಿ."

ಅವಳು ಬೆಂಚು ನೋಡಿದಳು, ನನ್ನ ಕಾಲು ನೋಡಿದಳು. "ಯಾರ ಹೆಜ್ಜಿಲೆ ಅಳದೀರಿ?"

ಅಳೆದದ್ದು ನನ್ನ ಹೆಜ್ಜೆಯಲ್ಲಿ. ಗುಡ್ಡ ತಿರುಗಿದ ವಾಚರನ ಉದ್ದ ಹೆಜ್ಜೆ ಎಂಬತ್ತೆಂದರೆ ಅವಳ ಹೆಜ್ಜೆಗೆ ನೂರೈವತ್ತು.

"ಇಪ್ಪತ್ತಾರ ವರ್ಷ ಸಂಸಾರ ಮಾಡೀರಿ" ಎಂದಳು. "ನನ್ನ ಹೆಜ್ಜಿ ಎಷ್ಟುದ್ದ ಅಂತ ಗೊತ್ತ ಮಾಡಿಕೊಳ್ಳಿಲ್ಲಲ್ರಿ."

ಸಂತೆಗೆ ಹೋಗಲಿ, ಗುಡಿಗೆ ಹೋಗಲಿ, ಬೀಗರ ಮನೆಗೆ ಹೋಗಲಿ, ನಾನು ಮುಂದೆ, ಅವಳು ಹಿಂದೆ. ತಿರುಗಿ ನೋಡಿದರೆ ಲಗೂ ಬಾ ಎನ್ನುವುದಕ್ಕೆ. ಅವಳು ಹೇಗೆ ನಡೆಯುತ್ತಾಳೆ ಎಂದು ನಾನು ನೋಡಲು ಕಲಿತದ್ದೇ ಅವಳ ಸೊಂಟ ಮುರಿದ ಮೇಲೆ. ಆಗಲೂ ಎಣಿಸಿದೆನೇ ಹೊರತು ಅಳೆಯಲಿಲ್ಲ. ಅಷ್ಟರಲ್ಲಿ ಅವಳ ಕಾಲು ನಡುಗಲು ಹತ್ತಿತ್ತು. ಮೇಲೆ ಹೋಗಲಾಗದು, ಕೆಳಗೆ ಇಳಿಯಲಾಗದು. ಕೂಡಲು ಒಂದು ಕಲ್ಲಾದರೂ ಸಿಗುತ್ತದೆಯೇ ಎಂದು ಸುತ್ತ ನೋಡಿದೆ. ಹಾದಿ ಹಸನು ಮಾಡುವ ಹುಮ್ಮಸ್ಸಿನಲ್ಲಿ ಆಚೀಚೆಯ ಕಲ್ಲನ್ನೆಲ್ಲ ನಾನೇ ಆರಿಸಿ ಎಸೆದಿದ್ದೆ.

"ಎತ್ತಿಕೊಳ್ಳಲೇನು?"

"ಮದುವಿ ಆದ ವರ್ಷ ಕೇಳಿದ್ರ ಹೂಂ ಅಂತಿದ್ದೆ. ಈಗ ಇಬ್ಬರೂ ಬೀಳ್ತೀವಿ."

ಬೇರೆ ಉಪಾಯವಿರಲಿಲ್ಲ. ಹಾದಿಯ ನಡುವೆಯೇ ಮೊಣಕಾಲೂರಿ, ಎರಡೂ ಕೈ ನೆಲಕ್ಕಿಟ್ಟು ಬಗ್ಗಿದೆ. "ಕುಂದ್ರು" ಎಂದೆ.

"ಯಾರರ ನೋಡ್ಯಾರ್ರಿ."

"ಇಷ್ಟ ಹೊತ್ತಿನ್ಯಾಗ ಯಾರ ಬರ್ತಾರ? ಕುಂದ್ರು."

ಕುಳಿತಳು. ಮೊದಲು ಅಂಜುತ್ತ, ಆಮೇಲೆ ಸರಿಯಾಗಿ. ಒಂದು ಕೈ ಕೋಲಿನ ಮೇಲೆ, ಇನ್ನೊಂದು ನನ್ನ ಹೆಗಲ ಮೇಲೆ. ನನಗೆ ಕಾಣುತ್ತಿದ್ದುದು ಮಣ್ಣು, ಒಣ ಹುಲ್ಲು, ಸಾಲಾಗಿ ಹೋಗುತ್ತಿದ್ದ ಇರುವೆ. ಅವಳ ಉಸಿರು ನಿಧಾನಕ್ಕೆ ಸಮಕ್ಕೆ ಬಂತು.

"ಏನ ಕಾಣ್ತೈತಿ?" ಎಂದು ಕೇಳಿದೆ.

"ಎರಿ ಹೊಲ. ಕರ್ರಗ, ಮುಗಿಲ ಮುಟ್ಟೂತನಕಾ. ಕರೆಂಟ ಮಾಡೋ ಗಾಳಿ ಪಂಕಾ ತಿರಗಾಕತ್ತಾವು. ನಮ್ಮ ಓಣಿ ಇಷ್ಟ ಸಣ್ಣದೈತೇನ್ರಿ?" ಸ್ವಲ್ಪ ತಡೆದು ಕೇಳಿದಳು, "ನರಗುಂದ ಯಾವ ಕಡೆ?"

"ಪಡುವಲಕ್ಕ. ಭಾಳ ದೂರ. ಇಲ್ಲಿಂದ ಕಾಣಂಗಿಲ್ಲ."

"ಕಾಣ್ತೈತಿ."

"ಏ, ಅದ್ಹೆಂಗ ಕಾಣ್ತೈತಿ, ಸುಳ್ಳ."

"ನೋಡಾಕತ್ತಾಕಿ ನಾನೋ ನೀವೋ? ನಮ್ಮ ಗುಡ್ಡ ಕಾಣ್ತೈತಿ, ಕೆಳಗ ನಮ್ಮಪ್ಪನ ಅಂಗಳಾನೂ ಕಾಣ್ತೈತಿ. ಸುಮ್ಮನಿರ್ರಿ, ನನಗ ನೋಡಾಕ ಬಿಡ್ರಿ."

ನನ್ನ ಕೊರಳ ಮೇಲೆ ಒಂದು ಹನಿ ಬಿತ್ತು. ಬೆವರು ಎಂದುಕೊಂಡೆ. ಎರಡನೆಯದು ಬಿದ್ದಾಗ ಬೆವರಲ್ಲ ಎಂದು ಗೊತ್ತಾಯಿತು. ಮೊಣಕಾಲಿಗೆ ಹರಳು ಚುಚ್ಚುತ್ತಿದ್ದವು, ಅಂಗೈ ಉರಿಯುತ್ತಿತ್ತು, ಆದರೂ ಸಂಜೆಯ ತನಕ ಹಾಗೇ ಇರಬಹುದು ಎನಿಸಿತು.

ಆಗ ಕೆಳಗಿನಿಂದ ಬೂಟಿನ ಸಪ್ಪಳ ಕೇಳಿಸಿತು. ಎಂದೂ ಹತ್ತಕ್ಕೆ ಮೊದಲು ಬಾರದ ಸಾಹೇಬರು, ಹಾದಿಯ ತಪಾಸಣೆಗೆ ಬಂದ ಇಬ್ಬರು ದೊಡ್ಡ ಅಧಿಕಾರಿಗಳನ್ನು ಕರೆದುಕೊಂಡು ಬೆಳಗಿನ ತಂಪಿನಲ್ಲೇ ಹತ್ತಿ ಬಂದಿದ್ದರು. ನಾನು ಏಳಲು ಹೊರಟೆ. ಬೆನ್ನ ಮೇಲಿನವಳು ಹೆಗಲು ಒತ್ತಿ ತಡೆದಳು. ಮೂರು ಜೊತೆ ಬೂಟು ನನ್ನ ಮುಖದ ಮುಂದೆ ಬಂದು ನಿಂತವು.

"ಏನಿದು?" ಎಂದು ಒಬ್ಬ ದೊಡ್ಡ ಅಧಿಕಾರಿ ಕೇಳಿದರು.

ನಮ್ಮಾಕಿ ಸೆರಗಿನಿಂದ ಕಣ್ಣೊರೆಸಿಕೊಂಡು, ತಲೆಯ ಮೇಲೆ ಸೆರಗು ಹೊದ್ದು, ಕೂತಲ್ಲಿಂದಲೇ ಮರ್ಯಾದೆಯಿಂದ ಕೈ ಮುಗಿದಳು.

"ಬೆಂಚ ರೀ ಸಾಹೇಬ್ರ. ಕಲ್ಲಿಂದಕಿಂತ ಇದು ಚಲೋ ಐತಿ, ಬಿಸಲಿಗೆ ಕಾಯಂಗಿಲ್ಲ, ಎಲ್ಲಿ ಬೇಕಲ್ಲಿ ತಾನಾಗೇ ಬರ್ತೈತಿ. ಒಂದ ಐಬು ಏನಂದ್ರ, ನಡುನಡುವ ಮಾತಾಡ್ತೈತಿ."